ಉಸಿರು ಕಟ್ಟಿದವರ ಕಾಲು ನೋಡಿ: ಪಲ್ಮನರಿ ಎಂಬಾಲಿಸಂ ಮತ್ತು ತಾಲ್ಲೂಕು ಆಸ್ಪತ್ರೆಯ ನರ್ಸ್

ಹುಟ್ಟುವುದು ಕಾಲಿನಲ್ಲಿ, ಕೊಲ್ಲುವುದು ಎದೆಯಲ್ಲಿ

ಪಲ್ಮನರಿ ಎಂಬಾಲಿಸಂ ಶ್ವಾಸಕೋಶದ ಕಾಯಿಲೆ ಎನಿಸಿಕೊಂಡರೂ ಅದು ಹೆಚ್ಚಾಗಿ ಶುರುವಾಗುವುದು ಕಾಲಿನಲ್ಲಿ. ಮೀನಖಂಡ, ತೊಡೆ ಅಥವಾ ಕಿಬ್ಬೊಟ್ಟೆಯ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಡಿವಿಟಿ ಎನ್ನುತ್ತಾರೆ. ಆ ಹೆಪ್ಪಿನ ತುಂಡು ಕಳಚಿಕೊಂಡು ರಕ್ತದ ಜೊತೆ ಮೇಲೇರಿ, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ಒಳಗೆ ಬರುತ್ತಲೇ ಇರುತ್ತದೆ, ಅದನ್ನು ಹೊತ್ತೊಯ್ಯಬೇಕಾದ ರಕ್ತ ಮಾತ್ರ ಅಲ್ಲಿಗೆ ಬರುವುದಿಲ್ಲ. ಇತ್ತ ಮುಚ್ಚಿದ ದಾರಿಗೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಹಿಗ್ಗಿ ಸೋಲುತ್ತದೆ. ಹೆಪ್ಪು ದೊಡ್ಡದಾಗಿದ್ದರೆ ಸಾವು ಬರುವುದು ಈ ಸೋಲಿನಿಂದ, ಅದೂ ಹಲವರಿಗೆ ಮೊದಲ ಕೆಲವು ತಾಸುಗಳಲ್ಲೇ.

ಹೆಪ್ಪುಗಟ್ಟಲು ಮೂರು ಕಾರಣಗಳಿವೆ: ರಕ್ತದ ಓಟ ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣ ಪಡೆಯುವುದು. ಇವು ಮೂರಕ್ಕೂ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋನ ಹೆಸರು ಅಂಟಿಕೊಂಡಿದೆ. ನರ್ಸಿಂಗ್ ಪಠ್ಯಪುಸ್ತಕಗಳಲ್ಲಿ ಇದು ಒಂದು ಚಿತ್ರವಾಗಿ ಬಂದುಹೋಗುತ್ತದೆ. ವಾರ್ಡಿನಲ್ಲಿ ಮಾತ್ರ ಅದು ಪ್ರತಿ ಹಾಸಿಗೆಯ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರಿನಲ್ಲಿ ಯಾರಿಗೆ ಬಂದೀತು

ಮೊದಲ ಸಾಲಿನಲ್ಲಿ ಬಾಣಂತಿ ಇದ್ದಾಳೆ. ಹೆರಿಗೆಯಲ್ಲಿ ರಕ್ತ ಹರಿದು ತಾಯಿ ಸಾಯಬಾರದೆಂದು ಗರ್ಭಿಣಿಯ ರಕ್ತ ತಾನಾಗಿಯೇ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿಕೊಳ್ಳುತ್ತದೆ. ಹೆರಿಗೆಯ ನಂತರದ ಆರು ವಾರ ಈ ಅಪಾಯ ಅತಿ ಹೆಚ್ಚು. ಸಿಸೇರಿಯನ್ ಆಗಿದ್ದರೆ, ಸೋಂಕು ತಗಲಿದ್ದರೆ, ತುಂಬಾ ರಕ್ತ ಹೋಗಿದ್ದರೆ ಇನ್ನೂ ಏರುತ್ತದೆ. ಇದರ ಮೇಲೆ ನಮ್ಮ ಬಾಣಂತನದ ಪದ್ಧತಿ ಬಂದು ಕೂರುತ್ತದೆ. ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡವಿಟ್ಟು, ತಲೆಗೆ ಬಟ್ಟೆ ಕಟ್ಟಿ, ಏಳಗೊಡದೆ ನೋಡಿಕೊಳ್ಳುವುದು ಪ್ರೀತಿಯಿಂದಲೇ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಲೋಟ ಎಣಿಸಿ ಕೊಡುವುದೂ ಪ್ರೀತಿಯಿಂದಲೇ. ಆದರೆ ಬೆವರಿ ಒಣಗಿದ, ಅಲುಗಾಡದ ಮೈಯಲ್ಲಿ ರಕ್ತ ಗಟ್ಟಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬಾಣಂತನದ ದಿನಗಳಲ್ಲಿ ಹೆಪ್ಪು ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂಬುದನ್ನು ಕರ್ನಾಟಕಕ್ಕೆ ತಿಳಿಸಿಕೊಟ್ಟ ಕೆಲಸವದು. ಮಿದುಳಿನಲ್ಲಾದರೆ ತಲೆನೋವು, ಫಿಟ್ಸ್. ಕಾಲಿನಲ್ಲಾದರೆ ಬಾವು, ಆಮೇಲೆ ಎದೆ. ನಾಳ ಬೇರೆಯಾದರೂ ಕಾಯಿಲೆಯ ಸ್ವಭಾವ ಒಂದೇ.

ಎರಡನೆಯವರು ಕಾಲು ಮುರಿದವರು. ಜೇವರ್ಗಿಯ ಕಡೆಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಹಾದು ಬಳ್ಳಾರಿಗೆ ಹೋಗುತ್ತದೆ. ಲಾರಿ, ಟ್ರ್ಯಾಕ್ಟರ್, ಬೈಕುಗಳ ಅಪಘಾತದಲ್ಲಿ ತೊಡೆಮೂಳೆ, ಸೊಂಟ ಮುರಿದವರು ವಾರಗಟ್ಟಲೆ ಮಲಗುತ್ತಾರೆ. ಕೆಲವರು ಆಸ್ಪತ್ರೆಗೆ ಬರುವುದೇ ನಾಟಿ ವೈದ್ಯರ ಹತ್ತಿರ ಬಿದಿರಿನ ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟು ಹಾಕಿಸಿಕೊಂಡು, ಹತ್ತಾರು ದಿನ ಕಳೆದ ಮೇಲೆ. ಲಿಂಗಸುಗೂರು ತಾಲ್ಲೂಕಿನದೇ ಆದ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ಕಾಲಿಗೆ ಪೆಟ್ಟು ಮಾಡಿಕೊಂಡವರೂ ಈ ಸಾಲಿಗೇ ಸೇರುತ್ತಾರೆ.

ಮುಟ್ಟು ಮುಂದೂಡುವ ಮಾತ್ರೆಯ ಬಗ್ಗೆ ಕೇಳುವುದನ್ನು ನಾವು ಮರೆಯುತ್ತೇವೆ. ಜಾತ್ರೆ, ಮದುವೆ, ಗೃಹಪ್ರವೇಶ ಬಂದಾಗ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ನೊರೆಥಿಸ್ಟೆರೋನ್ ಮಾತ್ರೆ ಹೆಚ್ಚಿನ ಪ್ರಮಾಣದಲ್ಲಿ ಹೆಪ್ಪಿನ ಅಪಾಯವನ್ನು ಏರಿಸುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಹಾಗೆಯೇ. ಹದಿಹರೆಯದ ಹುಡುಗಿಗೆ ಏದುಸಿರು ಬಂದರೆ ಗಂಡಸರನ್ನು ಹೊರಗೆ ಕಳಿಸಿ ಈ ಪ್ರಶ್ನೆ ಕೇಳಬೇಕು. ಅದನ್ನು ಕೇಳಲು ನರ್ಸ್‌ಗಿಂತ ತಕ್ಕವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿಲ್ಲ.

ಉಳಿದಂತೆ ಕ್ಯಾನ್ಸರ್ ರೋಗಿಗಳು, ಪಾರ್ಶ್ವವಾಯು ಹೊಡೆದು ಮಲಗಿದವರು, ದೊಡ್ಡ ಆಪರೇಷನ್ ಆಗಿ ನಾಲ್ಕು ವಾರ ತುಂಬದವರು, ಹಿಂದೊಮ್ಮೆ ಹೆಪ್ಪು ಬಂದು ಗುಣವಾದವರು. ಗುಳೆ ಹೋಗಿ ಪುಣೆ, ಬೆಂಗಳೂರಿನಿಂದ ರಾತ್ರಿಯಿಡೀ ಕಾಲು ಮಡಚಿ ಕೂತು ಬಂದವರನ್ನೂ ನೆನಪಿಡಬೇಕು. ಪ್ರಯಾಣವೊಂದರಿಂದಲೇ ಅಪಾಯ ಅಷ್ಟೇನೂ ಏರುವುದಿಲ್ಲ, ಮೇಲಿನ ಕಾರಣಗಳಲ್ಲಿ ಒಂದು ಜೊತೆಗೂಡಿದರೆ ಲೆಕ್ಕ ಬದಲಾಗುತ್ತದೆ.

ಗುರುತು ಹಿಡಿಯುವುದು

ರೋಗಿ ಬಂದು "ಪಲ್ಮನರಿ ಎಂಬಾಲಿಸಂ" ಎನ್ನುವುದಿಲ್ಲ. "ದಮ್ಮು ಹತ್ತೈತ್ರಿ", "ಉಸುರಾಡಕ ಆಗವಲ್ದು", "ಎದಿಯಾಗ ಚುಚ್ಚತೈತಿ" ಎನ್ನುತ್ತಾರೆ. ಕೆಲವರು ಶೌಚಕ್ಕೆ ಹೋದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿರುತ್ತಾರೆ. ಕೆಲವರು ನರ್ಸ್‌ನ ಕೈ ಹಿಡಿದು "ನಾ ಉಳಿಯಂಗಿಲ್ರಿ ಸಿಸ್ಟರ್" ಎನ್ನುತ್ತಾರೆ. ಈ ಮಾತನ್ನು ಗಾಬರಿ ಎಂದು ತಳ್ಳಿಹಾಕಬಾರದು. ಸಾವಿನ ಭಯ ಈ ಕಾಯಿಲೆಯ ಲಕ್ಷಣಗಳ ಪಟ್ಟಿಯಲ್ಲೇ ಇದೆ.

ಇದ್ದಕ್ಕಿದ್ದಂತೆ ಬಂದ ಏದುಸಿರು, ಉಸಿರೆಳೆದಾಗ ಹೆಚ್ಚಾಗುವ ಎದೆನೋವು, ನಿಮಿಷಕ್ಕೆ 100 ದಾಟಿದ ನಾಡಿ, 20 ದಾಟಿದ ಉಸಿರು, ಇಳಿದ ಆಕ್ಸಿಜನ್ ಪ್ರಮಾಣ, ಕೆಮ್ಮಿದಾಗ ರಕ್ತ. ಇವೆಲ್ಲ ಒಟ್ಟಿಗೆ ಬರಬೇಕೆಂದಿಲ್ಲ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಲ್ಲ ಕೇಸ್ ಶೀಟಿನಲ್ಲೂ ಅಂದಾಜಿನಲ್ಲಿ ಒಂದೇ ಅಂಕಿ ಬರೆದಿಡುವ ಅಭ್ಯಾಸ ಈ ರೋಗಿಯನ್ನು ಕೊಲ್ಲಬಲ್ಲದು.

ಕಷ್ಟವಿರುವುದು ಇದನ್ನು ಬೇರೆ ಕಾಯಿಲೆಗಳಿಂದ ಬೇರ್ಪಡಿಸುವುದರಲ್ಲಿ. ನಮ್ಮ ಭಾಗದ ಬಾಣಂತಿ ಏದುಸಿರು ಬಿಟ್ಟರೆ ಮನೆಯವರಿಗೂ ಸಿಬ್ಬಂದಿಗೂ ಮೊದಲು ಹೊಳೆಯುವುದು ರಕ್ತ ಕಡಿಮೆ ಇದೆ ಎಂಬುದು. ಕೆಮ್ಮಿನಲ್ಲಿ ರಕ್ತ ಬಂದರೆ ಟಿಬಿ. ಗಣಿಯಲ್ಲಿ ದುಡಿದವರಿಗಾದರೆ ಕಲ್ಲುದೂಳಿನ ಸಿಲಿಕೋಸಿಸ್. ಇವೆಲ್ಲ ನಿಜವಾಗಿಯೂ ಇಲ್ಲಿರುವ ಕಾಯಿಲೆಗಳೇ. ಆದರೆ ರಕ್ತಹೀನತೆ, ಟಿಬಿ, ಸಿಲಿಕೋಸಿಸ್ ವಾರ, ತಿಂಗಳು, ವರ್ಷಗಳಲ್ಲಿ ಬೆಳೆಯುತ್ತವೆ. ಎಂಬಾಲಿಸಂ ಹೆಚ್ಚಾಗಿ ನಿಮಿಷಗಳಲ್ಲಿ ಬರುತ್ತದೆ. ಅಸ್ತಮಾ ಇದ್ದರೆ ಸ್ಟೆತಾಸ್ಕೋಪಿನಲ್ಲಿ ಶಿಳ್ಳೆಯ ಸದ್ದು ಕೇಳುತ್ತದೆ, ಹೃದಯ ಸೋತು ನೀರು ತುಂಬಿದ್ದರೆ ಚಟಚಟ ಸದ್ದು. ಎದೆ ಸ್ವಚ್ಛವಾಗಿ ಕೇಳಿಸುತ್ತಿದೆ, ಆಕ್ಸಿಜನ್ ಮಾತ್ರ ಕೆಳಗಿದೆ ಎಂದಾದಾಗ ಹೊದಿಕೆ ಸರಿಸಿ ಕಾಲು ನೋಡಬೇಕು.

"ಒಂದ ಕಾಲು ಬಾತೈತೇನ್ರಿ?" ಎಂದು ಕೇಳಿದರೆ ಸಾಲದು, ಟೇಪು ಹಿಡಿದು ಅಳೆಯಬೇಕು. ಮೊಣಕಾಲಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ತೆಗೆದಾಗ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಡಿವಿಟಿಯ ಗಟ್ಟಿ ಸುಳಿವು. ಬಸುರಿನಲ್ಲಿ ಎರಡೂ ಕಾಲು ಬಾಯುವುದು ಸಾಮಾನ್ಯ, ಒಂದೇ ಕಾಲು ಬಾಯುವುದು ಸಾಮಾನ್ಯವಲ್ಲ. ಬಸುರಿಯರಲ್ಲಿ ಹೆಪ್ಪು ಬಹುಪಾಲು ಎಡಗಾಲಿನಲ್ಲೇ ಕಾಣಿಸಿಕೊಳ್ಳುತ್ತದೆ. ಕಾಲು ಸರಿಯಾಗಿಯೇ ಕಂಡರೂ ಎಂಬಾಲಿಸಂ ಇಲ್ಲ ಎಂದುಕೊಳ್ಳುವಂತಿಲ್ಲ, ಏಕೆಂದರೆ ಹೆಪ್ಪು ಪೂರ್ತಿ ಕಳಚಿ ಮೇಲೆ ಹೋಗಿರಬಹುದು. ಬಾತ ಕಾಲನ್ನು ತಿಕ್ಕಬಾರದು, ಎಣ್ಣೆ ಹಚ್ಚಿ ನೀವಬಾರದು. ಮನೆಯವರು ಇದನ್ನೇ ಮಾಡುತ್ತಿರುತ್ತಾರೆ, ಕೈ ಹಿಡಿದು ನಿಲ್ಲಿಸಬೇಕು.

ಮೊದಲ ಹತ್ತು ನಿಮಿಷ

ರೋಗಿಯನ್ನು ಬಿಟ್ಟು ಹೋಗಬಾರದು. ಇನ್ನೊಬ್ಬರನ್ನು ಕಳಿಸಿ ಡಾಕ್ಟರನ್ನು ಕರೆಸಿ. ತಲೆಭಾಗ ಎತ್ತಿ ಕೂರಿಸಿ, ಬಿಪಿ ತೀರಾ ಇಳಿದಿದ್ದರೆ ಮಾತ್ರ ಮಲಗಿಸಿ. ಆಕ್ಸಿಜನ್ ಪ್ರಮಾಣ 90ಕ್ಕಿಂತ ಕೆಳಗಿದ್ದರೆ ಮಾಸ್ಕ್ ಹಾಕಿ, ತೀರಾ ಕೆಳಗಿದ್ದರೆ ಚೀಲವಿರುವ ಮಾಸ್ಕ್. ಗರ್ಭಿಣಿಯಾಗಿದ್ದರೆ ಕೂಸಿಗಾಗಿ 94ರ ಮೇಲಿರುವಂತೆ ನೋಡಿಕೊಳ್ಳಬೇಕು. ದಪ್ಪ ಕ್ಯಾನುಲಾ ಎರಡು ಹಾಕಿ, ರಕ್ತದ ಮಾದರಿ ಆಗಲೇ ತೆಗೆದುಕೊಳ್ಳಿ. ಮುಂದೆ ರಕ್ತ ತೆಳುಮಾಡುವ ಔಷಧ ಕೊಟ್ಟ ಮೇಲೆ ಮತ್ತೆ ಮತ್ತೆ ಚುಚ್ಚುವುದು ತಪ್ಪುತ್ತದೆ. ಇಸಿಜಿ ತೆಗೆಯಿರಿ. ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದನ್ನು ಗಡಿಯಾರ ನೋಡಿ ಬರೆಯಿರಿ.

ನಮ್ಮ ಕೈಗಳಿಗೆ ಅಂಟಿದ ಎರಡು ಅಭ್ಯಾಸಗಳು ಇಲ್ಲಿ ತೊಂದರೆ ಮಾಡುತ್ತವೆ. ಬಿಪಿ ಇಳಿದ ಕೂಡಲೇ ಸಲೈನ್ ಬಾಟಲಿ ಏರಿಸಿ ಜೋರಾಗಿ ಬಿಡುವುದು ಮೊದಲನೆಯದು. ಈಗಾಗಲೇ ಹಿಗ್ಗಿದ ಬಲ ಹೃದಯಕ್ಕೆ ಇನ್ನಷ್ಟು ನೀರು ತುಂಬಿದರೆ ಅದು ಮತ್ತಷ್ಟು ಕುಸಿಯುತ್ತದೆ. ಕೊಟ್ಟರೂ 500 ಮಿ.ಲೀ. ಮೀರದಂತೆ, ಡಾಕ್ಟರ ಮಾತಿನಂತೆ. ಬಿಪಿ ಎತ್ತಲು ನಾರ್‌ಅಡ್ರಿನಲಿನ್ ಬೇಕಾಗುತ್ತದೆ. ಎರಡನೆಯದು ಕಾಲುನೋವಿಗೆ ಸೊಂಟಕ್ಕೆ ಡೈಕ್ಲೋಫೆನಾಕ್ ಸೂಜಿ ಚುಚ್ಚುವುದು. ರೋಗಿಯೇ "ಒಂದ ಸೂಜಿ ಮಾಡ್ರಿ" ಎಂದು ಬೇಡಿದರೂ ಎಂಬಾಲಿಸಂ ಅನುಮಾನವಿರುವವರಿಗೆ ಸ್ನಾಯುವಿಗೆ ಯಾವ ಇಂಜೆಕ್ಷನ್ನೂ ಬೇಡ. ರಕ್ತ ತೆಳುಮಾಡುವ ಹೆಪಾರಿನ್ ಕೊಟ್ಟ ಮೇಲೆ ಆ ಜಾಗದಲ್ಲಿ ರಕ್ತ ತುಂಬಿ ದೊಡ್ಡ ಗಡ್ಡೆಯಾಗುತ್ತದೆ.

ಪರೀಕ್ಷೆಗಳು

ಖಚಿತವಾಗಿ ಹೇಳುವುದು ಸಿಟಿ ಪಲ್ಮನರಿ ಆಂಜಿಯೋಗ್ರಾಂ. ಅದಕ್ಕೆ ಮೊದಲು ವೆಲ್ಸ್ ಅಂಕಪಟ್ಟಿ ಎಂಬ ಸರಳ ಲೆಕ್ಕವಿದೆ. ಕಾಲಿನಲ್ಲಿ ಡಿವಿಟಿ ಲಕ್ಷಣಕ್ಕೆ 3, ಬೇರೆ ಕಾಯಿಲೆಗಿಂತ ಇದೇ ಇರಬಹುದೆನಿಸಿದರೆ 3, ನಾಡಿ 100 ದಾಟಿದ್ದರೆ 1.5, ಮೂರು ದಿನ ಮಲಗಿದ್ದರೆ ಅಥವಾ ನಾಲ್ಕು ವಾರದೊಳಗೆ ಆಪರೇಷನ್ ಆಗಿದ್ದರೆ 1.5, ಹಿಂದೆ ಹೆಪ್ಪು ಬಂದಿದ್ದರೆ 1.5, ಕೆಮ್ಮಿನಲ್ಲಿ ರಕ್ತಕ್ಕೆ 1, ಕ್ಯಾನ್ಸರ್‌ಗೆ 1. ನಾಲ್ಕಕ್ಕಿಂತ ಹೆಚ್ಚಾದರೆ ಕಾಯಬೇಡಿ. ಕಡಿಮೆ ಇದ್ದರೆ ಡಿ-ಡೈಮರ್ ಪರೀಕ್ಷೆ ನೆರವಾಗುತ್ತದೆ, ಅದು ಸಾಮಾನ್ಯ ಮಟ್ಟದಲ್ಲಿದ್ದರೆ ಕಾಯಿಲೆ ಬಹುತೇಕ ಇಲ್ಲ. ಬಸುರಿ, ಬಾಣಂತಿ, ಆಪರೇಷನ್ ಆದವರಲ್ಲಿ ಡಿ-ಡೈಮರ್ ಹೇಗೂ ಏರಿರುವುದರಿಂದ ಏರಿಕೆಗೆ ಅರ್ಥವಿಲ್ಲ.

ಇಸಿಜಿಯಲ್ಲಿ ಸಾಮಾನ್ಯವಾಗಿ ಕಾಣುವುದು ಬರಿಯ ವೇಗದ ನಾಡಿ. ಕೆಲವೊಮ್ಮೆ ವಿ1ರಿಂದ ವಿ4ರವರೆಗೆ ಟಿ ಅಲೆ ತಲೆಕೆಳಗಾಗಿ ಹೃದಯಾಘಾತದಂತೆ ತೋರುತ್ತದೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಸಲಹೆ ಕೊಡುವ ದಾರಿ ತೆರೆದಿದೆ. ತಜ್ಞರಿಗೆ ಕಾಣುವುದು ಗೆರೆಗಳು ಮಾತ್ರ. "ಹತ್ತು ದಿನದ ಸಿಸೇರಿಯನ್ ಬಾಣಂತಿ, ಎಡಗಾಲು 4 ಸೆಂ.ಮೀ. ದಪ್ಪ, ಎದೆ ಸ್ವಚ್ಛ" ಎಂಬ ಮಾತು ನರ್ಸ್ ಬರೆದ ಟಿಪ್ಪಣಿಯಿಂದಲೇ ಹೋಗಬೇಕು. ಅದು ಹೋದರೆ ಅದೇ ಗೆರೆಗಳನ್ನು ಅವರು ಬೇರೆ ಕಣ್ಣಿನಿಂದ ಓದುತ್ತಾರೆ.

ಹೆಪಾರಿನ್

1960ರಲ್ಲಿ ಇಂಗ್ಲೆಂಡಿನ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಈ ಕಾಯಿಲೆಯ 35 ರೋಗಿಗಳ ಮೇಲೆ ನಡೆಸಿದ ಪುಟ್ಟ ಅಧ್ಯಯನವೊಂದಿದೆ. ಔಷಧ ಪಡೆಯದ 19 ಮಂದಿಯಲ್ಲಿ 5 ಮಂದಿ ಎಂಬಾಲಿಸಂನಿಂದ ಸತ್ತರು, ಹೆಪಾರಿನ್ ಸಿಕ್ಕ 16 ಮಂದಿಯಲ್ಲಿ ಒಬ್ಬರೂ ಅದರಿಂದ ಸಾಯಲಿಲ್ಲ. ಹಾಗಾಗಿ ಅನುಮಾನ ಬಲವಾಗಿದ್ದು ರಕ್ತಸ್ರಾವದ ಭಯವಿಲ್ಲದಿದ್ದರೆ ಸಿಟಿ ಆಗುವವರೆಗೆ ಕಾಯದೆ ಔಷಧ ಶುರುಮಾಡುತ್ತಾರೆ. ಹೆಪಾರಿನ್ ಇದ್ದ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ಮೈಯದು.

ತಾಲ್ಲೂಕು ಮಟ್ಟದಲ್ಲಿ ಅನುಕೂಲವಾದದ್ದು ಎನಾಕ್ಸಾಪರಿನ್ ಎಂಬ ಹೊಸ ಬಗೆಯ ಹೆಪಾರಿನ್. ತೂಕದ ಪ್ರತಿ ಕಿಲೋಗೆ 1 ಮಿ.ಗ್ರಾಂ., 12 ತಾಸಿಗೊಮ್ಮೆ, ಚರ್ಮದ ಕೆಳಗೆ. ಹೀಗಾಗಿ ರೋಗಿಯ ತೂಕ ಅಂದಾಜಿನದಾಗಬಾರದು. ಹೊಕ್ಕುಳಿನಿಂದ ಎರಡು ಇಂಚು ದೂರ ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಸೂಜಿ ನೇರ ಇಳಿಸಿ, ತೆಗೆದ ಮೇಲೆ ತಿಕ್ಕಬಾರದು. ಕಿಡ್ನಿ ತೀರಾ ಕೆಟ್ಟಿದ್ದರೆ ಪ್ರಮಾಣ ಅರ್ಧಕ್ಕಿಳಿಯುತ್ತದೆ ಅಥವಾ ಡಾಕ್ಟರು ಹಳೆಯ ಬಗೆಯ ಹೆಪಾರಿನ್ನನ್ನೇ ಆರಿಸುತ್ತಾರೆ.

ಆ ಹಳೆಯ ಹೆಪಾರಿನ್ನಿನಲ್ಲೊಂದು ಬಲೆ ಇದೆ. ನಮ್ಮಲ್ಲಿ ಸಿಗುವ 5 ಮಿ.ಲೀ. ಬಾಟಲಿಗಳಲ್ಲಿ ಒಂದರಲ್ಲಿ 5,000 ಯೂನಿಟ್, ಇನ್ನೊಂದರಲ್ಲಿ 25,000 ಯೂನಿಟ್ ಇರುತ್ತದೆ. ಗಾತ್ರ ಒಂದೇ, ಬಲ ಐದು ಪಟ್ಟು. ಲೇಬಲನ್ನು ಇಬ್ಬರು ಗಟ್ಟಿಯಾಗಿ ಓದಿ ಸಹಿ ಹಾಕುವುದೇ ಇದಕ್ಕೆ ಮದ್ದು. ಲೆಕ್ಕ ಹೀಗೆ: 50 ಕಿಲೋ ತೂಕದವರಿಗೆ ಕಿಲೋಗೆ 80ರಂತೆ ಮೊದಲು 4,000 ಯೂನಿಟ್, ಆಮೇಲೆ ಕಿಲೋಗೆ 18ರಂತೆ ತಾಸಿಗೆ 900 ಯೂನಿಟ್. 25,000 ಯೂನಿಟ್ಟನ್ನು 50 ಮಿ.ಲೀ.ಗೆ ಏರಿಸಿದ್ದರೆ ಸಿರಿಂಜ್ ಪಂಪು ತಾಸಿಗೆ 1.8 ಮಿ.ಲೀ.ಗೆ ಇರಬೇಕು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಎಪಿಟಿಟಿ ಪರೀಕ್ಷೆ ಆರು ತಾಸಿಗೊಮ್ಮೆ. ಒಸಡು, ಮೂತ್ರ, ಮಲ, ಸಿಸೇರಿಯನ್ ಗಾಯ, ಬಾಣಂತಿಯ ಪ್ಯಾಡು ಇವನ್ನು ಪ್ರತಿ ಪಾಳಿಯಲ್ಲೂ ನೋಡಬೇಕು. ರಕ್ತ ನಿಲ್ಲದಿದ್ದರೆ ಹೆಪಾರಿನ್ನಿನ ಪ್ರತಿಮದ್ದಾದ ಪ್ರೋಟಮೈನ್ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಐದರಿಂದ ಹತ್ತನೇ ದಿನದ ನಡುವೆ ಪ್ಲೇಟ್‌ಲೆಟ್ ಅರ್ಧಕ್ಕಿಳಿದರೆ ಹೆಪಾರಿನ್ನೇ ಕಾರಣವಿರಬಹುದು, ತಕ್ಷಣ ತಿಳಿಸಬೇಕು.

ಹೆಪ್ಪು ಕರಗಿಸುವ ಔಷಧ

ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದು ಹಾಗೇ ನಿಂತ ರೋಗಿಗೆ ಹೆಪಾರಿನ್ ಸಾಲುವುದಿಲ್ಲ. ಆಲ್ಟಿಪ್ಲೇಸ್ 100 ಮಿ.ಗ್ರಾಂ. ಎರಡು ತಾಸಿನಲ್ಲಿ, ಇಲ್ಲವೇ ಟೆನೆಕ್ಟಿಪ್ಲೇಸ್, ಸ್ಟ್ರೆಪ್ಟೋಕೈನೇಸ್. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೇ, ಆರು ತಿಂಗಳಲ್ಲಿ ಪಾರ್ಶ್ವವಾಯು ಹೊಡೆದಿತ್ತೇ, ಮೂರು ವಾರದಲ್ಲಿ ಆಪರೇಷನ್ ಅಥವಾ ದೊಡ್ಡ ಪೆಟ್ಟು ಆಗಿತ್ತೇ ಎಂದು ಕೇಳಿ ಬರೆದಿಡುವುದು ನರ್ಸ್‌ನ ಪಾಲು. ಹಸಿ ಸಿಸೇರಿಯನ್ ಗಾಯವಿರುವ ಬಾಣಂತಿಯ ವಿಷಯದಲ್ಲಿ ಇದು ಬಹಳ ಕಠಿಣ ನಿರ್ಧಾರ, ತಜ್ಞರೇ ಮಾಡಬೇಕಾದದ್ದು. ಕ್ಯಾತೆಟರ್, ಕ್ಯಾನುಲಾ ಎಲ್ಲ ಔಷಧಕ್ಕೆ ಮೊದಲೇ ಆಗಿರಬೇಕು. ಶುರುವಾದ ಮೇಲೆ 15 ನಿಮಿಷಕ್ಕೊಮ್ಮೆ ಬಿಪಿ, ನಾಡಿ, ಮತ್ತು ಮಾತನಾಡಿಸಿ ನೋಡುವುದು. ಮಾತು ತೊದಲಿದರೆ, ತಲೆ ಸಿಡಿದರೆ, ವಾಂತಿಯಾದರೆ ಔಷಧ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು.

ರಾಯಚೂರಿನ ದಾರಿ

ಲಿಂಗಸುಗೂರಿನಿಂದ ರಾಯಚೂರಿನ ಸರ್ಕಾರಿ ಬೋಧನಾ ಆಸ್ಪತ್ರೆ ರಿಮ್ಸ್‌ಗೆ ಸುಮಾರು 90 ಕಿ.ಮೀ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುವುದಾದರೆ ತಿಂಥಣಿ ಸೇತುವೆ ದಾಟಿ ಸುರಪುರ, ಶಹಾಪುರ, ಜೇವರ್ಗಿಯ ಮೇಲೆ ಇನ್ನೂ ದೂರ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಜನ ಧರಣಿ ಕೂತದ್ದು ಯಾಕೆಂದು ಇಂಥ ರೋಗಿಯೊಬ್ಬರ ಜೊತೆ ಆಂಬುಲೆನ್ಸಿನಲ್ಲಿ ಹೋದವರಿಗೆ ಹೇಳಬೇಕಿಲ್ಲ.

ಹೊರಡುವ ಮುನ್ನ ಆಕ್ಸಿಜನ್ ಲೆಕ್ಕ ಹಾಕಿ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಅದರಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಹರಿಸಿದರೆ 100 ನಿಮಿಷಕ್ಕೆ ಖಾಲಿ. ರಾಯಚೂರು ತಲುಪಲು ಎರಡು ತಾಸು ಹಿಡಿದರೆ ಒಂದು ಸಿಲಿಂಡರ್ ಸಾಲದು, ಎರಡು ಬೇಕು, ಮೀಟರಿನ ಮುಳ್ಳನ್ನು ನೀವೇ ನೋಡಿರಬೇಕು. ಎನಾಕ್ಸಾಪರಿನ್ ಕೊಟ್ಟ ಹೊತ್ತು ಮತ್ತು ಪ್ರಮಾಣವನ್ನು ರೆಫರಲ್ ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಅಲ್ಲಿ ಇನ್ನೊಂದು ಡೋಸ್ ಬೀಳುತ್ತದೆ. ಫೋನಿನಲ್ಲಿ ಮೊದಲೇ ತಿಳಿಸಿ, ಸಿಟಿ ಯಂತ್ರ ನಡೆಯುತ್ತಿದೆಯೇ ಎಂದೂ ಕೇಳಿ. ರೋಗಿಯನ್ನು ಸ್ಟ್ರೆಚರಿನಲ್ಲೇ ಒಯ್ಯಬೇಕು, ಆಂಬುಲೆನ್ಸಿನವರೆಗೆ ನಡೆಸಬಾರದು.

ವಾರ್ಡಿನಲ್ಲೇ ತಡೆಯುವುದು

ಔಷಧಕ್ಕಿಂತ ಮೊದಲು ನಡಿಗೆ. ಸಿಸೇರಿಯನ್ ಆದವಳನ್ನು, ಡಾಕ್ಟರು ಒಪ್ಪಿದ ಕೂಡಲೇ, ಮೊದಲ ದಿನದೊಳಗೆ ಎಬ್ಬಿಸಿ ಕೂರಿಸಿ, ಹಿಡಿದು ನಡೆಸಬೇಕು. ಅತ್ತೆ, ತಾಯಿ "ಹಸಿ ಮೈ" ಎಂದು ತಡೆಯುತ್ತಾರೆ. ಅವರನ್ನು ಗದರಿಸಿದರೆ ಮನೆಗೆ ಹೋದ ಮೇಲೆ ಮತ್ತೆ ಮಲಗಿಸುತ್ತಾರೆ. ಪಕ್ಕದಲ್ಲಿ ಕೂತು, "ಅವ್ವಾ, ಕೂಸಿಗೆ ಹಾಲು ಬರಬೇಕಂದ್ರ ನೀರು ಬೇಕು, ಕಾಲಾಗ ರಕ್ತ ಗಟ್ಟಿ ಆಗಬಾರದಂದ್ರ ನಡಿಬೇಕು" ಎಂದರೆ ಕೇಳುತ್ತಾರೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಖಾರ ಕಡಿಮೆ ಊಟ ಇರಲಿ, ನೀರು ಮತ್ತು ನಡಿಗೆ ಬಿಡಬಾರದು. ಎದ್ದು ನಿಲ್ಲಲಾಗದವರಿಗೆ ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ. ಅಪಾಯ ಹೆಚ್ಚಿದ್ದವರಿಗೆ ಡಾಕ್ಟರು ಬರೆದರೆ ಎನಾಕ್ಸಾಪರಿನ್ 40 ಮಿ.ಗ್ರಾಂ. ದಿನಕ್ಕೊಮ್ಮೆ. ಬರೆದಿಲ್ಲವಾದರೆ ಬೇಕೇ ಎಂದು ರೌಂಡ್ಸಿನಲ್ಲಿ ಕೇಳುವ ಹಕ್ಕು ನರ್ಸ್‌ಗಿದೆ, ಕೇಳಲೇಬೇಕು.

ಮನೆಗೆ ಹೋದ ಮೇಲೆ

ರಕ್ತ ತೆಳುಮಾಡುವ ಮಾತ್ರೆ ಕನಿಷ್ಠ ಮೂರು ತಿಂಗಳು. ರಿವರಾಕ್ಸಬಾನ್ ಆದರೆ ಮೊದಲ 21 ದಿನ 15 ಮಿ.ಗ್ರಾಂ. ಎರಡು ಹೊತ್ತು, ಆಮೇಲೆ 20 ಮಿ.ಗ್ರಾಂ. ದಿನಕ್ಕೊಮ್ಮೆ, ಊಟದ ಜೊತೆಗೇ. ಹಾಲೂಡಿಸುವ ತಾಯಿಗೆ ಈ ಮಾತ್ರೆ ಕೊಡುವುದಿಲ್ಲ, ಎನಾಕ್ಸಾಪರಿನ್ ಅಥವಾ ವಾರ್ಫರಿನ್ ಕೊಡುತ್ತಾರೆ. ವಾರ್ಫರಿನ್, ಅಸೆನೊಕೌಮರಾಲ್ ನುಂಗುವವರಲ್ಲಿ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಇವರಿಗೆ ಪಲ್ಲೆ ತಿನ್ನಬೇಡಿ ಎಂದು ಹೇಳುವುದು ತಪ್ಪು. ಪುಂಡಿಪಲ್ಲೆ, ಮೆಂತ್ಯಪಲ್ಲೆ, ರೊಟ್ಟಿಯ ಜೊತೆ ಹಸಿ ಹಕ್ಕರಕಿ ಎಲ್ಲ ಇರಲಿ, ವಾರದಿಂದ ವಾರಕ್ಕೆ ಅಳತೆ ಒಂದೇ ಸಮನಿರಲಿ. ಒಂದು ವಾರ ಬಿಟ್ಟು ಮುಂದಿನ ವಾರ ಹೊಟ್ಟೆತುಂಬ ತಿಂದರೆ ಐಎನ್‌ಆರ್ ಏರುಪೇರಾಗುತ್ತದೆ. ಮೈಕೈ ನೋವಿಗೆ ಅಂಗಡಿಯ ಮಾತ್ರೆ ಬೇಡ, ಬೇಕಾದರೆ ಪ್ಯಾರಸಿಟಮಾಲ್. ಇನ್ನೊಮ್ಮೆ ಬಸುರಾದರೆ ಮೊದಲ ತಪಾಸಣೆಯಲ್ಲೇ "ನನಗೆ ಹೆಪ್ಪು ಬಂದಿತ್ತು" ಎಂದು ಹೇಳಬೇಕು, ವಾರ್ಫರಿನ್ ಆಗಲೂ ನಡೆಯುತ್ತಿದ್ದರೆ ಕೂಸಿಗೆ ಹಾನಿ.

ನಮ್ಮ ಭಾಗದಲ್ಲಿ ಮೂರು ತಿಂಗಳು ಮುಗಿಯುವಷ್ಟರಲ್ಲಿ ಎಷ್ಟೋ ಕುಟುಂಬಗಳು ಗುಳೆ ಹೊರಟಿರುತ್ತವೆ. ಡಿಸ್ಚಾರ್ಜ್ ದಿನವೇ ಯಾವ ಊರಿಗೆ, ಯಾವ ತಿಂಗಳು ಹೋಗುತ್ತೀರಿ ಎಂದು ಕೇಳಿ, ಅಷ್ಟು ದಿನದ ಮಾತ್ರೆ ಕಟ್ಟಿಕೊಟ್ಟು, ಮುಂದಿನ ಐಎನ್‌ಆರ್ ತಾರೀಖನ್ನು ಚೀಟಿಯಲ್ಲಿ ಬರೆದು, ಅದರ ಫೋಟೊವನ್ನು ಮನೆಯ ಇಬ್ಬರ ಫೋನಿನಲ್ಲಿ ತೆಗೆಸಿಡಬೇಕು. ಮಹಾರಾಷ್ಟ್ರದ ಡಾಕ್ಟರಿಗೆ ಕನ್ನಡ ಓದಲು ಬರುವುದಿಲ್ಲ. ಔಷಧದ ಹೆಸರು, ಪ್ರಮಾಣ, ಕಾಯಿಲೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರಲಿ.